ಹೊನವಾಡದ ಜೀಪು ಯಾವ ಕಾಲದ್ದು?

2021ರ ಬೇಸಿಗೆ. ವಿಶ್ವವಿದ್ಯಾಲಯ, ಗ್ರಂಥಾಲಯ, ಪತ್ರಾಗಾರ ಎಲ್ಲ ಬಾಗಿಲು ಹಾಕಿದ್ದವು. ಪಿಎಚ್.ಡಿ ಕೆಲಸ ನಿಂತು ಊರಿಗೆ ಬಂದಿದ್ದೆ. ಒಂದು ಮುಂಜಾನೆ ಗ್ರೈಂಡರಿಗೆ ತಂತಿಯ ಬ್ರಷ್ ಸಿಕ್ಕಿಸಿಕೊಂಡು, ಹಿತ್ತಲಲ್ಲಿ ಹನ್ನೆರಡು ವರ್ಷದಿಂದ ನಿಂತಿದ್ದ ಜೀಪಿನ ಬಾನೆಟ್ಟಿನ ಎಡಮಗ್ಗುಲನ್ನು ತಗಡು ಹೊಳೆಯುವವರೆಗೆ ಉಜ್ಜಿದೆ. ಮೊದಲು ಬಿಳಿ ಬಣ್ಣ ಹೋಯಿತು. ಅದರ ಕೆಳಗೆ ಹಸಿರು ಇತ್ತು, ಅದೂ ಹೋಯಿತು. ಅದರ ಕೆಳಗೆ ಬೂದು, ಕಡೆಗೆ ಇಟ್ಟಿಗೆ ಬಣ್ಣದ ರೆಡ್ ಆಕ್ಸೈಡ್. ಇಪ್ಪತ್ತು ನಿಮಿಷದಲ್ಲಿ ಎಲ್ಲ ಪುಡಿಯಾಗಿ ನನ್ನ ಮೈಮೇಲೆ ಕೂತಿತ್ತು. ಚಹಾ ತಂದ ಅವ್ವ ಸ್ವಲ್ಪ ಹೊತ್ತು ನೋಡಿ, “ಅಜ್ಜ ಬರಸಿದ್ದ ಅಕ್ಷರ ಇದರಾಗ ಇದ್ವಲ್ಲೋ, ಎಲ್ಲಿ ಹೋದ್ವು?” ಅಂದಳು.

ಅಕ್ಷರಗಳಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಅಜ್ಜ ತೀರಿಹೋದ ಮೇಲೆ ಜೀಪಿಗೆ ಬಿಳಿ ಬಣ್ಣ ಬಳಿಸಿದ್ದರು. ಅಕ್ಷರ ಆ ಬಿಳಿಯ ಕೆಳಗೆ ಉಬ್ಬಿಕೊಂಡು ಸಂಜೆಯ ಓರೆ ಬಿಸಿಲಿಗೆ ಕಾಣುತ್ತಿದ್ದವಂತೆ. ಮನೆಯವರೆಲ್ಲ ನೋಡಿದ್ದರು. ಇತಿಹಾಸ ಓದಲು ಹೋದವನೊಬ್ಬನೇ ನೋಡಿರಲಿಲ್ಲ.

ಹಳ್ಳಿಹಳ್ಳಿ ಸುತ್ತಿ ಶಾಸನ ನೋಡುವಾಗ ನಾವು ಸಂಶೋಧಕರು ಒಂದು ದೂರನ್ನು ತಪ್ಪದೆ ಹೇಳುತ್ತೇವೆ: ಜನ ಕಲ್ಲಿಗೆ ಸುಣ್ಣ ಬಳಿದಿದ್ದಾರೆ, ಎಣ್ಣೆ ಸುರಿದಿದ್ದಾರೆ, ಕುಡುಗೋಲು ಮಸೆದಿದ್ದಾರೆ. ಕಲ್ಲನ್ನು ಮೆತ್ತಗಿನ ಬ್ರಷ್ಷಿನಿಂದ ತೊಳೆಯಬೇಕು, ಒದ್ದೆ ಕಾಗದ ಹಚ್ಚಿ ಮೆಲ್ಲಗೆ ಬಡಿದು ಪಡಿಯಚ್ಚು ತೆಗೆಯಬೇಕು, ಗೀಚಬಾರದು ಎಂದು ನನಗಿಂತ ಚಿಕ್ಕವರಿಗೆ ಪಾಠ ಹೇಳಿದವನು ನಾನು. ನಮ್ಮ ಮನೆಯಲ್ಲಿ ಇದ್ದ ಒಂದೇ ಒಂದು ಬರಹವನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಯಂತ್ರ ಹಚ್ಚಿ ಅಳಿಸಿದ್ದೆ. ಅಂದಿನಿಂದ ಈ ಜೀಪಿನ ಕೆಲಸ ನನಗೆ ಬರೀ ರಿಪೇರಿಯಾಗಿ ಉಳಿಯಲಿಲ್ಲ.

ನಮ್ಮೂರು ಹೊನವಾಡ. ವಿಜಯಪುರದ ಪಶ್ಚಿಮಕ್ಕಿದೆ. ಮೊದಲು ವಿಜಯಪುರ ತಾಲೂಕಿಗೆ ಸೇರಿತ್ತು, ಈಗ ತಿಕೋಟಾ ತಾಲೂಕು. ಮಹಾರಾಷ್ಟ್ರದ ಜತ್ತ ಸೀಮೆ ದೂರವಿಲ್ಲ. ಬಾಬಾನಗರ, ಬಿಜ್ಜರಗಿ, ಕನಮಡಿ, ಎತ್ತ ಹೋದರೂ ಈಗ ದ್ರಾಕ್ಷಿ ಪಡ, ಒಣದ್ರಾಕ್ಷಿ ಶೆಡ್ಡು. ಜೀಪು ಬಂದಾಗ ಇದು ಜೋಳ, ಸಜ್ಜೆ ಮತ್ತು ಬರಗಾಲದ ನಾಡಾಗಿತ್ತು.

ಜೀಪಿನ ಹಳೆಯ ಆರ್‌ಸಿ ಪುಸ್ತಕ ಅಜ್ಜನ ಟ್ರಂಕಿನಲ್ಲಿ ಸಿಕ್ಕಿತು. ರಟ್ಟು ಹರಿದಿದೆ, ಹಾಳೆಗೆ ಎಣ್ಣೆ ಹಿಡಿದಿದೆ. ತಯಾರಾದ ವರ್ಷ 1966, ಮಾದರಿ ಸಿಜೆ-3ಬಿ. ಮೊದಲ ಮಾಲೀಕ ಸರ್ಕಾರದ ಒಂದು ಇಲಾಖೆ. 1981ರಲ್ಲಿ ಅಜ್ಜನ ಹೆಸರು. 1984ರಲ್ಲಿ ಇಂಜಿನ್ ಬದಲಾವಣೆಯ ಶಿಕ್ಕಾ: ಪೆಟ್ರೋಲ್ ಎಂಬುದಕ್ಕೆ ಗೀಟು ಹಾಕಿ ಡೀಸೆಲ್ ಎಂದು ಬರೆದಿದ್ದಾರೆ. ನಂಬರು ಮೈಸೂರು ರಾಜ್ಯದ ಕಾಲದ್ದು, ‘ಎಂವೈ’ಯಿಂದ ಶುರುವಾಗುತ್ತದೆ. 1956ರವರೆಗೆ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು, 1973ರ ನವೆಂಬರಿನಿಂದ ಕರ್ನಾಟಕ. 2014ರಲ್ಲಿ ಬಿಜಾಪುರ ಹೋಗಿ ವಿಜಯಪುರವಾಯಿತು. ಜೀಪಿನ ಪ್ಲೇಟು ಇದ್ಯಾವುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಳೆಯ ಜೀಪು ಸರಿಮಾಡುವ ಹುಚ್ಚು ಹಿಡಿದವರ ತಲೆಯಲ್ಲಿ ಒಂದೇ ಚಿತ್ರ ಇರುತ್ತದೆ: ಮಿಲಿಟರಿ ಹಸಿರು, ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ, ಎರಡನೇ ಮಹಾಯುದ್ಧ. ನನ್ನ ತಲೆಯಲ್ಲೂ ಅದೇ ಇತ್ತು. ಆ ಕತೆ ರೋಚಕವೇ. 1940ರಲ್ಲಿ ಅಮೆರಿಕದ ಸೇನೆ ಹಗುರಾದ, ನಾಲ್ಕೂ ಗಾಲಿಗೆ ಶಕ್ತಿ ಸಿಗುವ ಗಾಡಿ ಬೇಕು, 49 ದಿನದಲ್ಲಿ ಮೊದಲ ನಮೂನೆ ತಂದು ನಿಲ್ಲಿಸಿ ಎಂದಿತು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ, ದಿವಾಳಿಯ ಅಂಚಿನಲ್ಲಿದ್ದ ಕಂಪನಿ ಸೆಪ್ಟೆಂಬರ್ 23ಕ್ಕೆ ತಂದು ನಿಲ್ಲಿಸಿಯೇಬಿಟ್ಟಿತು. ನಕ್ಷೆ ಬರೆದವನು ಕಾರ್ಲ್ ಪ್ರಾಬ್ಸ್ಟ್. ಲಾಭ ಮಾತ್ರ ಬ್ಯಾಂಟಮ್ಮಿಗೆ ದಕ್ಕಲಿಲ್ಲ. ದೊಡ್ಡ ಗುತ್ತಿಗೆ ವಿಲ್ಲಿಸ್-ಓವರ್‌ಲ್ಯಾಂಡಿಗೂ ಫೋರ್ಡಿಗೂ ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ಅವೆರಡೂ ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಹೆಸರು ಎಲ್ಲಿಂದ ಬಂತು ಎಂಬ ಜಗಳ ಇನ್ನೂ ಮುಗಿದಿಲ್ಲ. ಪೊಪಾಯ್ ವ್ಯಂಗ್ಯಚಿತ್ರದಲ್ಲಿ 1936ರಲ್ಲಿ ಬಂದ ‘ಯೂಜೀನ್ ದ ಜೀಪ್’ ಎಂಬ ವಿಚಿತ್ರ ಪ್ರಾಣಿಯಿಂದ ಎನ್ನುವವರಿದ್ದಾರೆ. ನಮ್ಮ ಕಡೆ ಅದಕ್ಕೊಂದು ಉಕಾರ ಸೇರಿಸಿ ಜೀಪು ಎಂದೆವು, ಅಲ್ಲಿಗೆ ಅದು ಕನ್ನಡದ್ದಾಯಿತು.

ಆದರೆ ನಮ್ಮ ಹಿತ್ತಲಿನ ಜೀಪು ಯಾವ ಯುದ್ಧವನ್ನೂ ನೋಡಿದ್ದಲ್ಲ. ಯುದ್ಧ ಮುಗಿದ ಕೂಡಲೇ ವಿಲ್ಲಿಸ್ ಕಂಪನಿ ಇದೇ ಗಾಡಿಯನ್ನು ರೈತರಿಗೆ ಮಾರಲು ಹೊರಟು ‘ಸಿಜೆ’, ಅಂದರೆ ಸಿವಿಲಿಯನ್ ಜೀಪ್, ಎಂಬ ಸಾಲನ್ನು 1945ರಲ್ಲಿ ಶುರುಮಾಡಿತು. ಹಿಂದೆ ನೇಗಿಲು ಕಟ್ಟಬಹುದು, ಪಟ್ಟಾ ಹಾಕಿ ಯಂತ್ರ ತಿರುಗಿಸಬಹುದು, ಸಂತೆಗೂ ಹೋಗಬಹುದು ಎಂದು ಜಾಹೀರಾತು ಕೊಟ್ಟಿತು. ಇಲ್ಲಿ ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಮ್ ಮೊಹಮ್ಮದ್ ಕೂಡಿ 1945ರಲ್ಲಿ ಕಟ್ಟಿದ ‘ಮಹೀಂದ್ರ ಆ್ಯಂಡ್ ಮೊಹಮ್ಮದ್’ ಇತ್ತು, ಉಕ್ಕಿನ ವ್ಯಾಪಾರದ ಕಂಪನಿ. 1947ರಲ್ಲಿ ಅದು ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. ದೇಶ ಇಬ್ಭಾಗವಾದ ಮೇಲೆ ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ. 1948ರಲ್ಲಿ ಕಂಪನಿ ‘ಮಹೀಂದ್ರ ಆ್ಯಂಡ್ ಮಹೀಂದ್ರ’ ಆಯಿತು. ದೇಶವಿಭಜನೆಯ ಗೀಟು ಒಂದು ಕಂಪನಿಯ ನಾಮಫಲಕದ ಮೇಲೂ ಎಳೆದುಹೋದ ಕತೆ ಇದು. ಹಿಂದೂಸ್ತಾನದಲ್ಲಿ ಜೀಪು ಹಗರಣಕ್ಕೂ ಕಾರಣವಾಯಿತು. 1948ರಲ್ಲಿ ಕಾಶ್ಮೀರದ ಯುದ್ಧಕ್ಕೆಂದು ಲಂಡನ್ನಿನಲ್ಲಿದ್ದ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ ಮೂಲಕ ತರಿಸಿದ ಜೀಪುಗಳಲ್ಲಿ ಬಂದಿಳಿದ 155 ಕೆಲಸಕ್ಕೆ ಬಾರದವು ಎಂದು ಸೇನೆ ಹೇಳಿತು. ಅವು ಹಳೆಯದನ್ನು ಸರಿಮಾಡಿ ಹೊಸದರಂತೆ ಮಾಡಿದ ಜೀಪುಗಳು ಎಂಬುದು ನನ್ನಂಥವರು ನೆನಪಿಡಬೇಕಾದ ಮಾತು.

ಸಿಜೆ-3ಬಿ ಜೀಪನ್ನು ದೂರದಿಂದಲೇ ಗುರುತಿಸಬಹುದು. ಅದರ ಬಾನೆಟ್ಟು ಉಳಿದವಕ್ಕಿಂತ ಎತ್ತರ, ಮೂಗು ಮೇಲೆತ್ತಿದಂತೆ. ಸೊಗಸಿಗೆ ಹಾಗೆ ಮಾಡಿದ್ದಲ್ಲ. 1953ರಲ್ಲಿ ವಿಲ್ಲಿಸ್ ‘ಹರಿಕೇನ್’ ಎಂಬ ಹೊಸ ಪೆಟ್ರೋಲ್ ಇಂಜಿನ್ ಕೂರಿಸಿತು. ಯುದ್ಧಕಾಲದ ಇಂಜಿನ್ನಿನಲ್ಲಿ ಎಲ್ಲ ವಾಲ್ವುಗಳೂ ಕೆಳಗೆ ಬ್ಲಾಕಿನಲ್ಲಿದ್ದವು. ಹೊಸದರಲ್ಲಿ ಗಾಳಿ-ಪೆಟ್ರೋಲ್ ಒಳಗೆ ಬಿಡುವ ವಾಲ್ವುಗಳನ್ನು ತಲೆಯ ಮೇಲಕ್ಕೆ ತಂದರು. ಶಕ್ತಿ ಹೆಚ್ಚಿತು, ಇಂಜಿನ್ ಎತ್ತರವಾಯಿತು. ಅದು ಹಿಡಿಸಲೆಂದು ಬಾನೆಟ್ಟನ್ನು ಮೇಲೆತ್ತಿದರು. ನಮ್ಮ ಜೀಪಿನಲ್ಲಿ ಆ ಹರಿಕೇನ್ 1984ರಿಂದ ಇಲ್ಲ. ಎತ್ತರದ ಬಾನೆಟ್ಟು ಮಾತ್ರ ಇದೆ. ಅಜ್ಜ ಪೇಂಟರನ್ನು ಕರೆಸಿ ಅಕ್ಷರ ಬರೆಸಲು ಅಷ್ಟಗಲ ಜಾಗ ಸಿಕ್ಕಿದ್ದೂ ಅದರಿಂದಲೇ.

ಕೆಳಗಿನ ಬೂದು ಬಣ್ಣ ಸರ್ಕಾರದ್ದಿರಬೇಕು. 1952ರ ಅಕ್ಟೋಬರ್ 2ರಂದು ದೇಶದಲ್ಲಿ 55 ಸಮುದಾಯ ಅಭಿವೃದ್ಧಿ ಯೋಜನೆಗಳು ಒಟ್ಟಿಗೆ ಶುರುವಾದಾಗಿನಿಂದ ಹಳ್ಳಿಯ ಜನಕ್ಕೆ ಸರ್ಕಾರ ಎಂದರೆ ಕಣ್ಣೆದುರು ಬರುತ್ತಿದ್ದುದು ಬಿಡಿಓ ಸಾಹೇಬರ ಜೀಪು. ನಮ್ಮ ಆಯಿ ಹೇಳುತ್ತಿದ್ದಳು: ಧೂಳೆದ್ದರೆ ಹುಡುಗರು ಜೋಳದ ಹೊಲದೊಳಗೆ ಓಡುತ್ತಿದ್ದರಂತೆ, ದೇವಿ ಹಾಕುವವರು ಬಂದರು ಎಂದು. ಸಿಡುಬಿನ ಲಸಿಕೆ ಹಾಕುವವರಿಗೆ ನಮ್ಮಲ್ಲಿ ಆ ಹೆಸರು. ದೊಡ್ಡವರು ಸಾಲ ವಸೂಲಿಯವರು ಎಂದು ಓಡುತ್ತಿದ್ದರು, 1975ರ ನಂತರ ಕುಟುಂಬ ಯೋಜನೆಯವರೆಂದು. 72ರ ಬರದಲ್ಲಿ ಮಾತ್ರ ಜೀಪಿನ ದಾರಿ ಕಾದರು, ಕಲ್ಲೊಡೆಯುವ ಕೆಲಸದ ಕೂಲಿ ಬಟವಾಡೆಗೆ ಅದೇ ಬರಬೇಕಿತ್ತು. ನಮ್ಮ ಹಿತ್ತಲಿನ ಜೀಪು ಅವುಗಳಲ್ಲಿ ಒಂದೋ ಅಲ್ಲವೋ, ಆರ್‌ಸಿಯಲ್ಲಿರುವ ಇಲಾಖೆಯ ಹೆಸರಿನಿಂದ ಅದು ತೀರ್ಮಾನವಾಗುವುದಿಲ್ಲ. ಆದರೂ ನಮ್ಮ ಓಣಿಯ ಹಿರಿಯರು ಅದನ್ನು ಇವತ್ತಿಗೂ ‘ಬರಗಾಲದ ಜೀಪು’ ಎಂದೇ ಕರೆಯುತ್ತಾರೆ.

1981ರಲ್ಲಿ ಇಲಾಖೆ ಅದನ್ನು ಹರಾಜಿಗಿಟ್ಟಿತು. ಸರ್ಕಾರದ ಹರಾಜು ಎಂದಾಗಲೆಲ್ಲ ವಿಜಯಪುರದವರಿಗೆ ಮಲಿಕ್-ಎ-ಮೈದಾನ್ ತೋಪು ನೆನಪಾಗಬೇಕು. 1854ರಲ್ಲಿ ಸಾತಾರೆಯ ಕಮಿಷನರ್ ಬಿಜಾಪುರದಲ್ಲಿ ಬಿದ್ದಿರುವ ನಿರುಪಯೋಗಿ ಸಾಮಾನು ಮಾರಿಬಿಡಿ ಎಂದು ಆದೇಶಿಸಿದಾಗ ಆ ಯಾದಿಯಲ್ಲಿ ಈ ತೋಪೂ ಇತ್ತು. ಅತಿ ಹೆಚ್ಚಿನ ಸವಾಲು 150 ರೂಪಾಯಿ! ಇಲ್ಲಿದ್ದ ಅಧಿಕಾರಿಗೆ ಬೆಲೆ ತೀರ ಕಡಿಮೆ ಎನಿಸಿತು, ಜನ ಅದಕ್ಕೆ ಕೊಡುತ್ತಿದ್ದ ಗೌರವವೂ ಗೊತ್ತಿತ್ತು. ಮೇಲಕ್ಕೆ ಬರೆದ, ಹರಾಜು ರದ್ದಾಯಿತು.

ಆ ತೋಪನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಜೀಪಿನ ಕೆಲಸಕ್ಕೆ ಕೈಹಾಕಿದ ಮೇಲೆ ಮತ್ತೆ ಹೋಗಿ ನೋಡಿದಾಗ ಬೇರೆಯೇ ಕಂಡಿತು. ಅದನ್ನು 1549ರಲ್ಲಿ ಅಹ್ಮದನಗರದಲ್ಲಿ ನಿಜಾಮಶಾಹಿಗಾಗಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅವನ ಹೆಸರು ತೋಪಿನ ಮೇಲಿದೆ. ಅದು ಪರಾಂಡಾ ಕೋಟೆಯಿಂದ ಬಿಜಾಪುರಕ್ಕೆ ಬಂತು. 1686ರಲ್ಲಿ ಬಿಜಾಪುರ ಗೆದ್ದ ಔರಂಗಜೇಬ ತನ್ನ ಗೆಲುವಿನ ಶಾಸನವನ್ನೂ ಅದರ ಮೇಲೆಯೇ ಕೆತ್ತಿಸಿದ. ಈಗ ಯಾರಾದರೂ ತೋಪನ್ನು ‘ಮೂಲರೂಪ’ಕ್ಕೆ ತರುತ್ತೇನೆಂದು ಔರಂಗಜೇಬನ ಸಾಲುಗಳನ್ನು ಉಜ್ಜಿ ತೆಗೆಯಲು ಹೋದರೆ ನಾವು ಬಿಡುತ್ತೇವೆಯೇ? ಇಷ್ಟವಿರಲಿ ಇಲ್ಲದಿರಲಿ, ಅದೂ ಆ ತೋಪಿನ ಆಯುಷ್ಯದ ಒಂದು ಭಾಗ. ಕಟ್ಟಡಗಳ ವಿಷಯದಲ್ಲಿ ಇದು ಇಷ್ಟು ಸಲೀಸಲ್ಲ. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಬಂದಾಗ ಆದಿಲಶಾಹಿ ಮಹಲು, ಮಸೀದಿಗಳಲ್ಲಿ ಕಚೇರಿ, ಬಂಗಲೆ ಮಾಡಿಕೊಂಡರು. ಕರ್ಜನ್ ಕಾಲದಲ್ಲಿ ಕೆಲವನ್ನು ತೆರವು ಮಾಡಿಸಿದರು. ತೆರವು ಮಾಡಿದ್ದು ಒಳ್ಳೆಯದೇ. ಆದರೆ ಯಾವ ಪದರ ಉಳಿಯಬೇಕು, ಯಾವುದು ಹೋಗಬೇಕು ಎಂಬುದನ್ನು ಪ್ರತಿಸಲ ಯಾರೋ ಒಬ್ಬರು ನಿಶ್ಚಯಿಸುತ್ತಾರೆ. ನಮ್ಮ ಹಿತ್ತಲಿನಲ್ಲಿ ಆ ಒಬ್ಬ ನಾನಾಗಿದ್ದೆ.

ಇನ್ನು ಕೆಲಸದ ಮಾತು. ವಿಡಿಯೋ ನೋಡಿ ಕಲಿತವರಿಗೆ ಗೊತ್ತಾಗದ ಸಂಗತಿಯೆಂದರೆ ಮೊದಲ ಆರು ತಿಂಗಳು ಬಿಚ್ಚುವುದರಲ್ಲೇ ಹೋಗುತ್ತದೆ. ಜಂಗು ಹಿಡಿದ ಬೋಲ್ಟು ಪಾನಾಕ್ಕೆ ಜಗ್ಗದು. ಎಣ್ಣೆ ಬಿಟ್ಟು ಎರಡು ದಿನ ಕಾಯಬೇಕು, ಗ್ಯಾಸಿನಿಂದ ಕಾಯಿಸಬೇಕು, ಆಮೇಲೂ ತುಂಡಾದರೆ ಕೊರೆದು ತೆಗೆಯಬೇಕು. ಬಿಚ್ಚಿದ್ದನ್ನೆಲ್ಲ ಡಬ್ಬಿಗೆ ಹಾಕಿ ಚೀಟಿ ಅಂಟಿಸಿದೆ, ಫೋಟೋ ತೆಗೆದೆ. ಅದೊಂದು ಅಭ್ಯಾಸ ಪತ್ರಾಗಾರದಿಂದ ಬಂದದ್ದು, ನಿಜಕ್ಕೂ ಉಪಯೋಗಕ್ಕೆ ಬಂತು. ನಿಂತುಹೋಗಿದ್ದ ಇಂಜಿನ್ನಿನ ನಾಲ್ಕೂ ನೋಝಲ್ ತೆಗೆದು, ಸಿಲಿಂಡರಿನೊಳಗೆ ಡೀಸೆಲ್ ಸುರಿದು ಹನ್ನೊಂದು ದಿನ ಬಿಟ್ಟೆವು. ಹನ್ನೆರಡನೆಯ ದಿನ ನಾನೂ ಕಾಕಾನೂ ಹ್ಯಾಂಡಲ್ ಹಾಕಿ ತಿರುವಿದಾಗ ಅರ್ಧ ಸುತ್ತು ಬಂತು. ಕಾಕಾ ಅವತ್ತು ಎರಡು ಸಲ ಚಹಾ ಕುಡಿದ.

ಬ್ರೇಕು, ಕ್ಲಚ್ ಪ್ಲೇಟು, ಕಮಾನಿನ ಪಾಟಾ, ಬುಶ್ಶು ಇವೆಲ್ಲ ಹೊಸವು. ಜೀವದ ಪ್ರಶ್ನೆ ಇರುವಲ್ಲಿ ಇತಿಹಾಸದ ಹಟ ಸಲ್ಲದು. ಸಮಸ್ಯೆ ಬಂದದ್ದು ತಗಡಿನದು. ಹಿಂಬದಿಯ ನೆಲ ಜರಡಿಯಾಗಿತ್ತು. ಸಾಮಾನ್ಯವಾಗಿ ಜೀಪು ಚಾಲಕನ ಕಾಲಬುಡದಲ್ಲಿ, ನೀರು ನಿಲ್ಲುವ ಕಡೆ ತಿನ್ನುತ್ತದೆ. ಇದು ಹಿಂದೆ ತಿಂದಿತ್ತು, ಅದೂ ಎರಡು ಗುಂಡನೆಯ ವಲಯಗಳಲ್ಲಿ. ಸಂದಿಗಳಲ್ಲಿ ನೀಲಿ-ಹಸಿರು ಕಲೆ ಬೇರೆ. ಕಾಕಾ ನೋಡಿದವನೇ, “ಮೈಲುತುತ್ತದ ಡ್ರಮ್ಮು ಇಡೋ ಜಾಗಾ ಅದು” ಎಂದ.

ದ್ರಾಕ್ಷಿಗೆ ಬರುವ ಬೂಜು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬಾರ್ಡೋ ದ್ರಾವಣ ಹೊಡೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫ್ರಾನ್ಸಿನ ಬಾರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಔಷಧ ಅದು. ಮೈಲುತುತ್ತ ಎಂದರೆ ತಾಮ್ರದ ಲವಣ, ಕಬ್ಬಿಣಕ್ಕೆ ತಾಗಿದರೆ ಕಬ್ಬಿಣವನ್ನು ಕರಗಿಸಿ ತಾನು ತಾಮ್ರವಾಗಿ ಕೂರುತ್ತದೆ. ಅದಕ್ಕೇ ಅದನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸುತ್ತಾರೆ. ಜೋಳ ಬಿಟ್ಟು ದ್ರಾಕ್ಷಿ ಹಾಕಿದ ವರ್ಷಗಳಲ್ಲಿ ಈ ಜೀಪು ವಾರಕ್ಕೆರಡು ಸಲ ಆ ಡ್ರಮ್ಮುಗಳನ್ನು ಹೊತ್ತು ಪಡಕ್ಕೆ ಹೋಗಿದೆ. ಪ್ರತಿ ಕುಲುಕಾಟಕ್ಕೆ ಒಂದಿಷ್ಟು ಚೆಲ್ಲಿದೆ. ನಮ್ಮ ಸೀಮೆ ಬರಗಾಲದಿಂದ ದ್ರಾಕ್ಷಿಗೆ ತಿರುಗಿದ್ದನ್ನು ಬರೆಯಲು ನಾನು ಅಂಕಿಅಂಶ ಹುಡುಕಿಕೊಂಡು ಅಲೆದಿದ್ದೇನೆ. ಇಲ್ಲಿ ಅದು ಎರಡು ವಲಯಗಳಾಗಿ ತಗಡಿನಲ್ಲಿ ಅಚ್ಚಾಗಿತ್ತು.

ಆ ತೂತುಗಳನ್ನು ಯಾರೋ ಒಮ್ಮೆ ಮುಚ್ಚಿದ್ದರು. ಎಣ್ಣೆಯ ಬ್ಯಾರಲ್ಲಿನ ತಗಡು ಕೊಯ್ದು, ಅಡಿಯಿಂದ ವೆಲ್ಡಿಂಗ್ ಮಾಡಿದ ತೇಪೆ. ಹಿಂಬದಿಯ ಚೇಸಿ ಬಿರುಕು ಬಿಟ್ಟ ಕಡೆ ಒಂದು ಅಂಗಲ್ ತುಂಡು ಇಟ್ಟು ಬೆಸೆದಿದ್ದರು. ನನ್ನ ಯೋಜನೆಯಲ್ಲಿ ಇವೆಲ್ಲ ಕೊಯ್ದು ಹಾಕುವ ಸಾಮಾನು. ಪೇಟೆಯಲ್ಲಿ ಹೊಸ ನೆಲದ ತಗಡು ಸಿಗುತ್ತದೆ, ಇಡೀ ಬಾಡಿಯೇ ಸಿಗುತ್ತದೆ. ವಿಜಯಪುರದಿಂದ ಭಾನುವಾರಗಳಂದು ಬಂದು ಕಲಿಸುತ್ತಿದ್ದ ಮಿಸ್ತ್ರಿ ಚಾಚಾ ಚೇಸಿಯ ಆ ಬೆಸುಗೆಯನ್ನು ಸುತ್ತಿಗೆಯಿಂದ ಬಡಿದು ನೋಡಿ, “ಬೇಟಾ, ಇದು ನಿನಗಿಂತ ಗಟ್ಟಿ ಐತಿ. ಯಾಕ ಕೊಯ್ತಿ?” ಎಂದರು. ಆ ಬೆಸುಗೆ ಉಳಿಯಿತು. ನೆಲದಲ್ಲಿ ಕೊಳೆತ ಭಾಗವಷ್ಟೇ ಕೊಯ್ದು ಹೊಸ ತಗಡು ಕೂಡಿಸಿದೆವು. ಬ್ಯಾರಲ್ಲಿನ ತೇಪೆ ಒಂದು ಮೂಲೆಯಲ್ಲಿ ಈಗಲೂ ಇದೆ, ಅದರ ಮೇಲೆ ಉಬ್ಬಿದ ಎರಡೂವರೆ ಇಂಗ್ಲಿಷ್ ಅಕ್ಷರಗಳ ಸಮೇತ.

ದೊಡ್ಡ ಜಗಳ ಇಂಜಿನ್ನಿನದು. 1973ರಲ್ಲಿ ಕಚ್ಚಾತೈಲದ ಬೆಲೆ ಜಗತ್ತಿನಾದ್ಯಂತ ಏರಿದ ಮೇಲೆ ಪೆಟ್ರೋಲ್ ಜೀಪು ಸಾಕುವುದು ಸರ್ಕಾರಕ್ಕಷ್ಟೇ ಸಾಧ್ಯವಿತ್ತು. ಹರಾಜಿನಲ್ಲಿ ಕೊಂಡ ರೈತರು ಒಬ್ಬೊಬ್ಬರಾಗಿ ಹರಿಕೇನ್ ಕಿತ್ತು ಡೀಸೆಲ್ ಕೂರಿಸಿದರು. ಕೆಲವರು ಮದ್ರಾಸಿನ ಸಿಂಪ್ಸನ್ ಕಂಪನಿಯ ಪರ್ಕಿನ್ಸ್ ಹಾಕಿಸಿದರು. ಅಜ್ಜ ಮಿರಜದ ಗ್ಯಾರೇಜೊಂದರಲ್ಲಿ ಹಾಕಿಸಿದ್ದು ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ ಇಂಜಿನ್. 1963ರಲ್ಲಿ ಮಹೀಂದ್ರ, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್, ವೋಲ್ಟಾಸ್ ಮೂರೂ ಕೂಡಿ ಕಟ್ಟಿದ ಟ್ರ್ಯಾಕ್ಟರ್ ಕಂಪನಿಯ ಸಂತಾನ ಅದು. ಟ್ರ್ಯಾಕ್ಟರ್ ಇಂಜಿನ್ ಮೆಲ್ಲಗೆ ತಿರುಗುತ್ತದೆ, ಹೆಚ್ಚು ಎಳೆಯುತ್ತದೆ. ಜೀಪು ಓಟ ಕಳೆದುಕೊಂಡಿತು, ಬಲ ಪಡೆಯಿತು. ಬಿಡಿಭಾಗ ಟ್ರ್ಯಾಕ್ಟರ್ ಅಂಗಡಿಯಲ್ಲೇ ಸಿಗತೊಡಗಿದವು. ರೈತನ ಜೀಪು ಎಂದು ವಿಲ್ಲಿಸ್ ಕಂಪನಿ 1945ರಲ್ಲಿ ಜಾಹೀರಾತಿನಲ್ಲಿ ಹೇಳಿಕೊಂಡದ್ದು ಹೊನವಾಡದಲ್ಲಿ ನಿಜವಾಗಲು ಆ ಕಂಪನಿಯ ಇಂಜಿನ್ನನ್ನು ಕಿತ್ತೊಗೆಯಬೇಕಾಯಿತು! 90ರ ದಶಕದಲ್ಲಿ ಸಂತೆಯ ದಿನ ಇದು ತಿಕೋಟಾಕ್ಕೆ ಜನರನ್ನೂ ಹೊತ್ತಿದೆ. ಈಗ ಆ ಕೆಲಸವನ್ನು ಕ್ರೂಸರ್‌ಗಳು ಮಾಡುತ್ತವೆ. ಎಷ್ಟು ಜನರನ್ನು ಹೊತ್ತಿತು ಎಂಬುದನ್ನು ಕಾಕಾ ಹೇಳುತ್ತಾನೆ, ನಾನು ಬರೆಯುವುದಿಲ್ಲ.

ನನ್ನ ಹಂಚಿಕೆ ಬೇರೆ ಇತ್ತು. ಹಳೆಯ ಹರಿಕೇನ್ ಹುಡುಕಿ ತಂದು ಕೂರಿಸಿ, ಜೀಪನ್ನು 1966ರಲ್ಲಿ ಹೇಗಿತ್ತೋ ಹಾಗೆ ಮಾಡುವುದು. ಅದೇ ಜುಲೈ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿ ನಿಯಮ ಹೊರಡಿಸಿತು. 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರಗಳಿರುವ ಬೇರೆಯೇ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. 1966ರ ನಮ್ಮ ಜೀಪಿಗೆ ವಯಸ್ಸಾಗಿತ್ತು. ಆಸೆಯಿಂದ ಓದಿದೆ. ಗಾಡಿ ಮೂಲರೂಪದಲ್ಲಿರಬೇಕು, ಚೇಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂದಿತ್ತು. ಪ್ರದರ್ಶನ, ಸಂಶೋಧನೆ, ವಿಂಟೇಜ್ ರ‍್ಯಾಲಿ, ರಿಪೇರಿ, ಇಂಧನ ಹಾಕಿಸುವುದು ಇಂಥವಕ್ಕೆ ಬಿಟ್ಟು ರಸ್ತೆಗೆ ತರುವಂತಿಲ್ಲ.

ನಾನು ಅದನ್ನು ಕಾಕಾನಿಗೆ ಓದಿ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ನಿಮ್ಮಜ್ಜ ಕಿತ್ತು ಒಗದದ್ದನ್ನ ನೀ ರೊಕ್ಕ ಕೊಟ್ಟು ತರ್ತೀ. ತಂದ ಮ್ಯಾಲ ಪಡಕ್ಕ ಹೋಗಾಕ ಬರಂಗಿಲ್ಲ. ಹಂಗಾದ್ರ ಅದು ಯಾರ ಜೀಪೋ ತಮ್ಮಾ?” ಎಂದ.

ನಿಯಮ ಮಾಡಿದವರ ತರ್ಕ ನನಗೆ ಅರ್ಥವಾಗುತ್ತದೆ. ಮೂಲ ಗಾಡಿಗಳು ಉಳಿಯಬೇಕು, ನಕಲಿಗಳು ಹಳೆಯದರ ಹೆಸರಿನಲ್ಲಿ ಓಡಬಾರದು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿ ಬಂದವರಿಗೆ ಅದರ ಬೆಲೆ ತಿಳಿಯುತ್ತದೆ. ಆದರೆ ಯೋಚಿಸಿ ನೋಡಿ, ಐವತ್ತು ವರ್ಷ ಇಂಜಿನ್ ಬದಲಿಸದೆ, ಚೇಸಿ ಬೆಸೆಯದೆ ಉಳಿಯುವುದು ಎಂಥ ಗಾಡಿಗೆ ಸಾಧ್ಯ? ನೆರಳಲ್ಲಿ ನಿಂತದ್ದಕ್ಕೆ. ಅರಮನೆಯ ಗ್ಯಾರೇಜಿನಲ್ಲಿ, ಶ್ರೀಮಂತರ ಬಂಗಲೆಯಲ್ಲಿ, ಕೆಲಸ ಬೀಳದೆ ನಿಂತದ್ದಕ್ಕೆ. ದುಡಿದ ಗಾಡಿ ಬದಲಾಗಲೇಬೇಕು. ದುಡಿದದ್ದೇ ಅದರ ಮೂಲತನಕ್ಕೆ ಕುಂದು ಎನ್ನುವ ವ್ಯಾಖ್ಯೆಯಲ್ಲಿ ರೈತರ ಜೀಪುಗಳಿಗೆ ಪರಂಪರೆಯ ಯಾದಿಯೊಳಗೆ ಜಾಗವಿಲ್ಲ. ನಮ್ಮ ಇತಿಹಾಸ ಬರವಣಿಗೆಯಲ್ಲೂ ಇದೇ ನಡೆದಿದೆ ಎಂದರೆ ದೊಡ್ಡ ಮಾತಾದೀತು. ಆದರೆ ರಾಜರ ಶಾಸನ ಬಂಡೆಯ ಮೇಲೆ ಉಳಿದು, ಒಕ್ಕಲುತನದ ಲೆಕ್ಕ ಕುಡುಗೋಲಿನೊಂದಿಗೇ ಸವೆದುಹೋದ ಊರುಗಳಲ್ಲಿ ಓಡಾಡುವವನಿಗೆ ಅದು ಹೊಳೆಯದೇ ಇರದು.

ಹರಿಕೇನ್ ತರಲಿಲ್ಲ. ಡೀಸೆಲ್ ಇಂಜಿನ್ನನ್ನೇ ಬೋರ್ ಮಾಡಿಸಿ, ಪಿಸ್ಟನ್, ಬೇರಿಂಗ್ ಹೊಸದು ಹಾಕಿಸಿ ಕೂರಿಸಿದೆವು. ಅಜ್ಜ 1984ರಲ್ಲಿ ಅದನ್ನು ಆರ್‌ಸಿಯಲ್ಲಿ ಬರೆಸಿ ಶಿಕ್ಕಾ ಹಾಕಿಸಿದ್ದರಿಂದ ಕಾನೂನಿನ ತೊಡಕಾಗಲಿಲ್ಲ. ಅವರ ಆ ಎಚ್ಚರಿಕೆಗೆ ಎಷ್ಟು ಋಣಿಯಾದರೂ ಸಾಲದು. ನಮ್ಮ ಕೆಲಸ ಮುಗಿಯುವಷ್ಟರಲ್ಲಿ 15 ವರ್ಷ ದಾಟಿದ ಖಾಸಗಿ ಕಾರು-ಜೀಪುಗಳ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು, 2022ರ ಏಪ್ರಿಲ್ 1ರಿಂದ. ಬಯ್ದುಕೊಂಡೇ ಕಟ್ಟಿದೆವು. ಗಾಡಿ ಪರೀಕ್ಷೆಗೆ ಹೋದ ದಿನ ಅಲ್ಲಿದ್ದ ಹುಡುಗನೊಬ್ಬ ನಂಬರ್ ಪ್ಲೇಟು ನೋಡಿ, ಇದು ಯಾವ ರಾಜ್ಯದ್ದು ಅಣ್ಣಾ ಎಂದು ಕೇಳಿದ.

ಉಳಿದದ್ದು ಬಣ್ಣ. ಮಿಲಿಟರಿ ಹಸಿರಿನ ಡಬ್ಬಿ ತಂದಿಟ್ಟಿದ್ದೆ, ಅದನ್ನು ಶೆಡ್ಡಿನ ಬಾಗಿಲಿಗೆ ಬಳಿದಾಯಿತು. ಬಲಮಗ್ಗುಲಲ್ಲಿ ನಾನು ಉಜ್ಜದೆ ಬಿಟ್ಟಿದ್ದ ಭಾಗವನ್ನು ಈ ಸಲ ನೀರು, ಸಣ್ಣ ಮರಳುಕಾಗದ ಹಿಡಿದು ಒಂದೊಂದೇ ಪದರ ತೆರೆದೆ. ಅಲ್ಲಿ ಅಕ್ಷರ ಇರಲಿಲ್ಲ, ಎಡಕ್ಕೆ ಮಾತ್ರ ಬರೆಸಿದ್ದರಂತೆ. ಆದರೆ ಅಜ್ಜನ ಕಾಲದ ಹಸಿರು ಯಾವುದೆಂದು ಸಿಕ್ಕಿತು, ಗಿಳಿಹಸಿರಿಗೆ ಹತ್ತಿರದ್ದು. ಅದನ್ನೇ ಹೊಂದಿಸಿ ಬಳಿಸಿದೆವು. ಅಂಗೈಯಗಲದ ಒಂದು ಜಾಗದಲ್ಲಿ ಬಿಳಿ, ಹಸಿರು, ಬೂದು, ಆಕ್ಸೈಡ್ ನಾಲ್ಕೂ ಕಾಣುವಂತೆ ಹಾಗೇ ಬಿಟ್ಟಿದ್ದೇನೆ. ನೋಡಿದವರು ‘ಅಲ್ಲಿ ಬಣ್ಣ ಸಾಲಲಿಲ್ಲೇನು’ ಎನ್ನುತ್ತಾರೆ.

ಎಡಮಗ್ಗುಲಿನ ಬರಹ ಏನಿತ್ತು ಎಂಬುದಕ್ಕೆ ಈಗ ಎರಡು ಪಾಠಾಂತರಗಳಿವೆ. ‘ಶ್ರೀ ಯಲ್ಲಮ್ಮ ದೇವಿ ಪ್ರಸನ್ನ’ ಎಂದು ಅವ್ವ. ಆಕೆ ಆ ಜೀಪಿನಲ್ಲೇ ಸವದತ್ತಿ ಗುಡ್ಡಕ್ಕೆ ಹೋಗಿ ಬಂದವಳು. ‘ಶ್ರೀಶೈಲ ಮಲ್ಲಿಕಾರ್ಜುನ ಪ್ರಸನ್ನ’ ಎಂದು ಕಾಕಾ. ಅವನ ಆಧಾರ, ಅಜ್ಜ ಪ್ರತಿವರ್ಷ ಯುಗಾದಿಗೆ ಮಲ್ಲಯ್ಯನ ಕಂಬಿ ಜೋಡಿ ನಡೆದು ಹೋಗುತ್ತಿದ್ದರು. ಲಿಖಿತ ಸಾಕ್ಷ್ಯ ಒಂದೇ, 1992ರ ಕಾಕಾನ ಮದುವೆಯ ಫೋಟೋ. ಬಾನೆಟ್ಟಿನ ಮೇಲೆ ಚೆಂಡುಹೂವಿನ ದೊಡ್ಡ ಹಾರ ಬಿದ್ದಿದೆ. ಹಾರದ ಆಚೆ ‘ಸನ್ನ’ ಎಂಬೆರಡು ಅಕ್ಷರ, ಅದರ ಕೆಳಗೆ ಸಣ್ಣದಾಗಿ ‘ಹೊನವಾ’. ಅದರ ಮುಂದೆ ಯಾರದೋ ಮೊಣಕೈ.

ತಿಕೋಟಾದಿಂದ ಬಂದ ಪೇಂಟರ್, ಯಾವ ದೇವರ ಹೆಸರು ಹೇಳ್ತೀರಿ ಹೇಳ್ರಿ, ಬರದ್ಬಿಡ್ತೀನಿ ಎಂದು ಡಬ್ಬಿ ತೆರೆದು ಕೂತ. ಅವ್ವನೂ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಿದರು. ಶಾಸನದಲ್ಲಿ ಅಕ್ಷರ ಹೋದ ಕಡೆ ನಾವು ಚುಕ್ಕೆ ಇಟ್ಟು ಮುಂದೆ ಹೋಗುತ್ತೇವೆ, ಹಾಗೆಯೇ ಚುಕ್ಕೆ ಇಟ್ಟು ‘ಸನ್ನ’ ಅಂತಷ್ಟೇ ಬರೆಯಬಹುದಾ ಎಂದು ನಾನು ಕೇಳಿದೆ. ಅರ್ಧ ಹೆಸರು ಬರೆಯೋದು ಅಪಶಕುನ, ನನ್ನ ಕೈಯಿಂದ ಆಗೂದಿಲ್ಲ ಎಂದು ಆತ ‘ಹೊನವಾಡ’ ಎಂದಷ್ಟೇ ಬರೆದು, ಮೇಲಿನ ಸಾಲಿನ ಜಾಗ ಖಾಲಿ ಬಿಟ್ಟು, ಅರ್ಧ ಕೂಲಿ ಇಸಿದುಕೊಂಡು ಹೋದ.

ಈಗ ಜೀಪು ದಿನ ಬಿಟ್ಟು ದಿನ ಪಡಕ್ಕೆ ಹೋಗುತ್ತದೆ. ಮುಂದಿನ ವಾರ ಬಾರ್ಡೋ ಹೊಡೆಯುವುದಿದೆ. ಡ್ರಮ್ಮಿನ ಕೆಳಗೆ ದಪ್ಪ ರಬ್ಬರ್ ಚಾಪೆ ಹಾಸಲು ಕಾಕಾನಿಗೆ ಎರಡು ಸಲ ಹೇಳಿದ್ದೇನೆ.